ಕಣ್ಣು:

ಉದ್ದ: ಎರಡು ಮಿಲಿಮೀಟರಿಗೆ ಒಂದು ಕೂದಲೆಳೆ ಕಡಿಮೆ.
ಬಣ್ಣ: ಕುಚ್ಚಲಕ್ಕಿ ಗಂಜಿಯ ತಿಳಿ, ಅಂತ ಬರೆದು ಹೊಡೆದುಹಾಕಿದೆ;
ಪತ್ರಿಕೆಯವರು ಗಂಜಿ ಕಂಡವರಲ್ಲ.
'ಮಾಸಲು ಹಳದಿ, ಅರೆಪಾರದರ್ಶಕ.'
ಮೀಸೆ: ಹನ್ನೊಂದು ಗೆಣ್ಣು.
ಹೊರರೆಕ್ಕೆ ಎರಡೂ ನಡುವೆ ಬೆಸೆದುಕೊಂಡಿವೆ,
ಒಳಗೆ ಹಾರುವ ರೆಕ್ಕೆಯಿರಬೇಕಾದಲ್ಲಿ
ಕತ್ತರಿಸಿದ ಉಗುರಿನಂಥ ಎರಡು ಚೂರು.
ಕಣ್ಣು:

ಇಲ್ಲಿ ಮೂರು ದಿನ ನಿಂತೆ.
ಕಿಟಕಿಯ ಯೋಚನೆಯೇ ಬಾರದೆ ಎಬ್ಬಿಸಿದ ಗೋಡೆ ಆ ತಲೆ.
ಕಾಲೇಜಿನಿಂದ ಎರವಲು ತಂದ ಮೈಕ್ರೋಸ್ಕೋಪಿನಡಿ
ನಲವತ್ತು ಪಟ್ಟು ಹಿಗ್ಗಿಸಿ, ದೀಪ ಓರೆ ಮಾಡಿ
ನೋಡಿದೆ, ನೋಡಿದೆ,
ನೋಡುವುದೆಂದರೇನೆಂದು ಗೊತ್ತಿಲ್ಲದ್ದನ್ನು.

ಸಿಕ್ಕಿದ್ದು ಪೈವಳಿಕೆಯ ಆಚೆ, ಬಾಯಾರಿನ ಗುಡ್ಡದ ಬುಡದಲ್ಲಿ,
ಅವ್ವಮ್ಮನ ಮನೆಯ ಹಿಂದಿನ ಸುರಂಗದ ನೀರಲ್ಲಿ,
ಪೈಪಿನ ಬಾಯಿಗೆ ಅವರು ಕಟ್ಟಿದ್ದ ಹಳೇ ಮುಂಡಿನ ತುಂಡಿಗೆ.
ಬೀಡಿ ಸುತ್ತುವ ಬೆರಳು,
ಒಂದು ಕಡ್ಡಿ ಹೊಗೆಸೊಪ್ಪು ಹೆಚ್ಚಾದರೂ ಗೊತ್ತಾಗುವ ಬೆರಳು.
ಬಟ್ಟೆ ಹಿಂಡುವಾಗ ತಡೆಯಿತಂತೆ:
ಹೊಯ್ಗೆ ಅಂದುಕೊಂಡರೆ, ಹೊಯ್ಗೆ ಓಡುತ್ತಿದೆ!
ಉಪ್ಪಿನಕಾಯಿ ಬಾಟಲಿಗೆ ಹಾಕಿ
ಒಂಬತ್ತನೇ ಕ್ಲಾಸಿನ ಮೊಮ್ಮಗಳ ಕೈಯಲ್ಲಿ ಶಾಲೆಗೆ ಕಳಿಸಿದರು:
'ನೀರು ಕುಡಿಯಬಹುದಾ ಅಂತ ಟೀಚರಲ್ಲಿ ಕೇಳು.'

ಸುರಂಗ ತೋಡಿದ್ದು ದೂಮಣ್ಣ ಮೂಲ್ಯರು. ಎಂಬತ್ತು ದಾಟಿದೆ,
ಮುರಕಲ್ಲಿನ ಹುಡಿ ಇನ್ನೂ ಕೆಮ್ಮಿನಲ್ಲುಂಟು.
ನಾನು ಬರೆದ ಚಿತ್ರ ದೂರ ಹಿಡಿದು ನೋಡಿ ನಕ್ಕರು.
'ಇದನ್ನು ನಾನು ಕಂಡವನೇ ಅಲ್ಲ ಟೀಚರೇ.
ಹೊರಗೆ ಒಬ್ಬ ಹುಡುಗ ಕನ್ನಡಿ ಹಿಡಿದು ಬಿಸಿಲು ಒಳಗೆ ಬಿಡುತ್ತಿದ್ದ,
ಸುರಂಗ ತಿರುಗಿದ ಮೇಲೆ ಆ ಬಿಸಿಲೂ ತಿರುಗುವುದಿಲ್ಲ.
ಕೂತು ಕೊಚ್ಚುವಾಗ ಕಾಲಿನ ರೋಮದಲ್ಲಿ ಎಂತದೋ ಹರಿಯುತ್ತಿತ್ತು.
ಹರಿದರೆ ಲೆಕ್ಕ, ಇನ್ನು ಎರಡು ಕೋಲು, ನೀರು.'
ನೀವು ಅದಕ್ಕೆ ಎಂತ ಹೇಳುತ್ತಿದ್ದಿರಿ?
'ಎಂತ ಹೇಳುವುದು? ಹೊರಗಿನವರಿಗೆ ಕೂಗಿ ಹೇಳುತ್ತಿದ್ದೆ,
ಬತ್ತ್‌ಂಡ್, ಬಂತು ಅಂತ.'
ಆ ಎರಡು ಕೋಲನ್ನು ಬರೆಯಲಿಕ್ಕೆ
ನನ್ನ ಹನ್ನೆರಡು ಪುಟದಲ್ಲಿ ಒಂದು ಕಾಲಮ್ಮಿಲ್ಲ.

ಚೀಟಿಯ ಅಗಲ ಹದಿನೈದು ಮಿಲಿಮೀಟರು.
ಅದರೊಳಗೆ ಊರು ಹಿಡಿಯಬೇಕು, ತಾರೀಕು, ನನ್ನ ಹೆಸರು.
ಬಾಯಾರು, ಕನ್ನಡದಲ್ಲಿ ಓದಿದರೆ ದಾಹ,
ಇಂಗ್ಲಿಷಿಗೆ ಹೋದಾಗ ಬಯರ್,
ರೇಟು ಕೇಳಲು ಬಂದವನ ಹಾಗೆ.

ಜಾತಿಯ ಹೆಸರು ಇನ್ನೂ ಖಾಲಿ.
ನಿಮ್ಮದನ್ನೇ ಇಡುತ್ತೇನೆ ಅಂದಾಗ
ಅವ್ವಮ್ಮ ಮಡಿಲಿನ ಮೊರ ಕೆಳಗಿಟ್ಟರು.
'ರೇಷನ್ ಕಾರ್ಡಲ್ಲಿ ಒಂದು ಹೆಸರು, ಆಧಾರಲ್ಲಿ ಒಂದು,
ಬೀಡಿ ಪಾಸ್‌ಬುಕ್ಕಲ್ಲಿ ಇನ್ನೊಂದು.
ಹುಳದ ಮೇಲಾದರೂ ಸರಿ ಬರೆಯಲಿಕ್ಕೆ ಬರುತ್ತದಾ ನಿಮಗೆ?'
ನಾನು ಸುಮ್ಮನಾದೆ. ನಿಯಮ ಓದಿದ್ದೆ,
ಮೊದಲು ಅಚ್ಚಾದ ಕಾಗುಣಿತಕ್ಕೇ ಹಕ್ಕು ಜಾಸ್ತಿ.
ತಾಲೂಕಾಪೀಸಿನ ಗುಮಾಸ್ತನೇ ಬರೆದದ್ದಿರಬೇಕು.

ಇರುವುದು ಒಂದೇ, ಹೆಣ್ಣು.
ಗಂಡು ಸಿಗದೆ ವಿವರ ಪೂರ್ತಿಯಾಗುವುದಿಲ್ಲವಂತೆ.
ಏಪ್ರಿಲ್ ಇಡೀ ಪೈಪಿಗೆ ಬಟ್ಟೆ ಕಟ್ಟಿ ಕಾದೆ.
ಮೇಲಿನ ರಸ್ತೆಯಲ್ಲಿ ಬೋರ್‌ವೆಲ್ಲಿನ ಲಾರಿ ಎರಡು ರಾತ್ರಿ ಗುಡುಗಿತು.
ಹನಿ ಸಣ್ಣದಾಯಿತು. ಬಟ್ಟೆಯಲ್ಲಿ ಕೆಂಪು ಕಲೆ ಮಾತ್ರ.

ಕೊನೆಗೆ ನಾನೇ ಒಳಗೆ ಹೋದೆ, ಬಗ್ಗಿ,
ಬೆನ್ನಿಗೆ ಕಲ್ಲು ತಾಗುತ್ತಾ, ತಿರುವಿನವರೆಗೆ.
ಸೀರೆ ಮೊಣಕಾಲಿಗೆ ಎತ್ತಿ, ಪಾದ ನೀರಲ್ಲಿಟ್ಟು
ಟಾರ್ಚ್ ಆರಿಸಿದೆ.
ಮೊದಲು ಕಣ್ಣು ಹುಡುಕಿತು. ಆಮೇಲೆ ಬಿಟ್ಟಿತು.
ನೀರು ಇಷ್ಟು ತಣ್ಣಗೆಂದು ಯಾವ ಪುಟದಲ್ಲಿ ಬರೆದಿದ್ದೆ?
ಮೀನಖಂಡದ ಹತ್ತಿರ
ಎಂತದೋ, ಅಥವಾ ನನ್ನದೇ ನರ,

ಹೊರಗಿನಿಂದ, ಕಲ್ಲಿಗೆ ಕಲ್ಲಿಗೆ ಬಡಿದುಕೊಂಡು ಬಂತು
ಅವ್ವಮ್ಮನ ಸ್ವರ:
'ಟೀಚರೇ, ನೀರು ಕುಡಿಯಬಹುದಾ ಅಂತ
ನೀವು ಹೇಳಲೇ ಇಲ್ಲ.'